ಬೀಗಿತ್ತಿ ಎಂಬ ಪದ ಅವರಲ್ಲೂ ಇದೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಅಮೆರಿಕದ ಲ್ಯಾಟಿನೊ ಸಮುದಾಯದ, ಅಂದರೆ ಅಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದವರ ಬಗ್ಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷದಿಂದ ಓದಿದೆ, ಏಕೆಂದರೆ ಕನ್ನಡ ಪತ್ರಿಕೆಯೊಂದು ಈ ಜನರಿಗಾಗಿ ಇಡೀ ಪುಟ ಮೀಸಲಿಟ್ಟಿದ್ದನ್ನು ನಾನು ಕಂಡದ್ದು ಅಪರೂಪ. ಎರಡನೆಯ ಸಲ ಕೆಂಪು ಪೆನ್ನು ಹಿಡಿದು ಓದಿದೆ, ಏಕೆಂದರೆ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳ ಕೈ ಸುಮ್ಮನಿರುವುದಿಲ್ಲ. ಲೇಖಕರು ಈ ಸಮುದಾಯವನ್ನು ‘ಸ್ಪೇನ್ ಮೂಲದ ಜನಾಂಗ’ ಎಂದು ಕರೆದಿದ್ದಾರೆ. ಮುಂದಿನ ವಾಕ್ಯದಲ್ಲೇ ಅದೇ ಜನರನ್ನು ‘ಮೆಕ್ಸಿಕನ್ ವಲಸಿಗರು’ ಎಂದಿದ್ದಾರೆ. ಕೊನೆಗೆ ಎರಡು ಭಾಷೆ, ಎರಡು ಸಂಸ್ಕೃತಿಗಳಲ್ಲಿ ಬೆಳೆಯುವ ಅವರ ಮಕ್ಕಳದು ‘ತ್ರಿಶಂಕು ಸ್ಥಿತಿ’ ಎಂದು ಮರುಗಿದ್ದಾರೆ. ಮೊದಲೆರಡು ಮಾತುಗಳು ತಿದ್ದಿದರೆ ಸರಿಹೋಗುವ ತಪ್ಪುಗಳು. ಮೂರನೆಯದು ಅಷ್ಟು ಸುಲಭದ್ದಲ್ಲ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಬಾಯಿ ಹಾಕಲು ನನಗೆ ಅರ್ಹತೆ ಬಂದಿರುವುದು ಬೀಗತನದಿಂದ. ನನ್ನ ಒಬ್ಬಳೇ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದಾಳೆ. ಅಳಿಯಂದಿರು ಹುಟ್ಟಿದ್ದು ಅದೇ ರಾಜ್ಯದ ಫ್ರೆಸ್ನೊದಲ್ಲಿ. ಅವರ ತಂದೆ ತಾಯಿ ಮೆಕ್ಸಿಕೊದ ಮಿಚೊವಾಕಾನ್ ರಾಜ್ಯದಿಂದ ಬಂದು, ಫ್ರೆಸ್ನೊ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದು ನೆಲೆ ಕಂಡವರು. ಆರಾರು ತಿಂಗಳಂತೆ ಮೂರು ಬಾರಿ ನಾನು ಅಲ್ಲಿಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದಾಗ ಮಗಳ ಅತ್ತೆಯವರು ತಮ್ಮ ನೆರೆಮನೆಯಾಕೆಗೆ ನನ್ನನ್ನು ತೋರಿಸಿ ‘ಮಿ ಕೊನ್ಸ್ವೇಗ್ರಾ’ ಎಂದರು. ಮಗಳನ್ನು ಕೇಳಿದೆ. ‘ನನ್ನ ಬೀಗಿತ್ತಿ ಅಂತಮ್ಮ’ ಎಂದಳು. ಮಗಳ ಅತ್ತೆ ನನಗೆ ಏನಾಗಬೇಕೆಂದು ಒಂದೇ ಪದದಲ್ಲಿ ಹೇಳಲು ಇಂಗ್ಲಿಷಿಗೆ ಸಾಧ್ಯವಿಲ್ಲ. ಅಲ್ಲಿ ಮದುವೆಯಾಗುವುದು ಗಂಡು ಹೆಣ್ಣು ಮಾತ್ರ. ನಮ್ಮಲ್ಲೂ ಅವರಲ್ಲೂ ಎರಡು ಮನೆಗಳು ನಂಟರಾಗುತ್ತವೆ, ಆ ನಂಟಿಗೆ ಹೆಸರೂ ಇದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಸ್ಪ್ಯಾನಿಷ್ ಬಾರದು. ಆದರೂ ಆ ಒಂದು ಪದದಿಂದಾಗಿ ಅಡುಗೆಮನೆಯಲ್ಲಿ ನನ್ನ ಜಾಗ ಯಾವುದೆಂದು ಇಬ್ಬರಿಗೂ ತಿಳಿದುಹೋಯಿತು.

ಇನ್ನು ತಪ್ಪುಗಳ ವಿಚಾರ. ಲ್ಯಾಟಿನೊ ಎಂಬುದು ಜನಾಂಗದ ಹೆಸರಲ್ಲ, ದೇಶದ ಹೆಸರೂ ಅಲ್ಲ. ಗ್ವಾಟೆಮಾಲದ ಹಳ್ಳಿಯಲ್ಲಿ ಬೆಳಗಾಗೆದ್ದು ತಾನು ಲ್ಯಾಟಿನೊ ಎಂದು ನೆನೆಯುವವರು ಯಾರೂ ಇರಲಾರರು. ಬಹುಮಟ್ಟಿಗೆ ಆ ಹೆಸರು ಮೈಗೆ ಅಂಟುವುದು ಅಮೆರಿಕದ ಗಡಿ ದಾಟಿದ ಮೇಲೆಯೇ. ದೆಹಲಿಯಲ್ಲಿ ಒಂದು ಕಾಲಕ್ಕೆ ಹಾಸನದವನೂ ತಂಜಾವೂರಿನವನೂ ಕೊಟ್ಟಾಯಂನವನೂ ಒಟ್ಟಿಗೆ ‘ಮದ್ರಾಸಿ’ಗಳಾಗುತ್ತಿದ್ದರಲ್ಲ, ಸುಮಾರಾಗಿ ಹಾಗೆ. ವ್ಯತ್ಯಾಸವೇನೆಂದರೆ, ನಾವು ಮದ್ರಾಸಿ ಎಂಬುದನ್ನು ಕೊಡವಿಕೊಂಡೆವು. ಅವರು ಹೊರಗಿನವರು ಕೊಟ್ಟ ಹೆಸರನ್ನೇ ಹಿಡಿದು ಸಂಘ ಕಟ್ಟಿದರು, ಮತ ಕೇಳಿದರು, ಹಕ್ಕು ಕೇಳಿದರು. ಜೊತೆಯಲ್ಲೇ ಬಳಕೆಯಲ್ಲಿರುವ ‘ಹಿಸ್ಪ್ಯಾನಿಕ್’ ಎಂಬ ಪದ ಭಾಷೆಯ ಎಳೆ ಹಿಡಿದದ್ದು, ಲ್ಯಾಟಿನೊ ಎಂಬುದು ನೆಲದ, ಅಂದರೆ ಲ್ಯಾಟಿನ್ ಅಮೆರಿಕದ ಎಳೆ ಹಿಡಿದದ್ದು. ಆದ್ದರಿಂದ ಸ್ಪೇನಿನವರು ಮೊದಲನೆಯದಕ್ಕೆ ಸೇರಿ ಎರಡನೆಯದಕ್ಕೆ ಸೇರುವುದಿಲ್ಲ. ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರದು ಅದಕ್ಕೆ ತಿರುಗುಮುರುಗು. ಫ್ರೆಸ್ನೊ ಕಡೆಯ ಹೊಲಗಳಲ್ಲಿ ದುಡಿಯುವ, ಮೆಕ್ಸಿಕೊದ ವಾಹಾಕಾ ರಾಜ್ಯದಿಂದ ಬಂದ ಎಷ್ಟೋ ಮಂದಿಗೆ ಮನೆಮಾತು ಮಿಶ್ಟೆಕ್ ಎಂಬ ಮೂಲನಿವಾಸಿಗಳ ಭಾಷೆ. ಸ್ಪ್ಯಾನಿಷ್ ಅವರು ಕಲಿತ ಎರಡನೆಯ ಭಾಷೆ. ಇವರೆಲ್ಲರನ್ನೂ ‘ಸ್ಪೇನ್ ಮೂಲದವರು’ ಎನ್ನುವುದು, ಇಂಗ್ಲಿಷ್ ಬಲ್ಲ ಬೆಂಗಳೂರಿನವರನ್ನೆಲ್ಲ ಇಂಗ್ಲೆಂಡ್ ಮೂಲದವರು ಎಂದ ಹಾಗಾಗುತ್ತದೆ.

ಅಮೆರಿಕದ ಸರ್ಕಾರಕ್ಕೂ ಈ ಜನರನ್ನು ಯಾವ ಖಾನೆಯಲ್ಲಿ ಬರೆಯಬೇಕೆಂಬುದು ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಎಂಬುದನ್ನೇ ಒಂದು ಜನಾಂಗವಾಗಿ ದಾಖಲಿಸಿದರು. ವಿರೋಧ ಬಂದ ಮೇಲೆ 1940ರಲ್ಲಿ ಅದನ್ನು ಕೈಬಿಟ್ಟರು. ಮನೆಮನೆಗೂ ಹೋಗುವ ನಮೂನೆಯಲ್ಲಿ ಹಿಸ್ಪ್ಯಾನಿಕ್ ಮೂಲದ ಪ್ರಶ್ನೆ ಬಂದದ್ದು 1980ರಲ್ಲಿ. 2020ರ ಗಣತಿಯ ಪ್ರಕಾರ ಇವರ ಸಂಖ್ಯೆ 6.21 ಕೋಟಿ, ಅಂದರೆ ದೇಶದ ಜನಸಂಖ್ಯೆಯ ಶೇ 18.7. ಆ ಗಣತಿಯಲ್ಲಿ ಮೂಲದ ಪ್ರಶ್ನೆ ಒಂದು, ಜನಾಂಗದ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ‘ಹೌದು, ಮೆಕ್ಸಿಕನ್’ ಎಂದು ಗುರುತು ಹಾಕಿದ ಅಳಿಯಂದಿರು ಎರಡನೆಯದರ ಮುಂದೆ ಬಹಳ ಹೊತ್ತು ಕುಳಿತಿದ್ದರಂತೆ: ಬಿಳಿಯರೇ, ಕರಿಯರೇ, ಮೂಲನಿವಾಸಿಯೇ? ಕೊನೆಗೆ ‘ಇತರ’ ಎಂದು ಬರೆದರಂತೆ. ಹಾಗೆ ಬರೆದವರು ಅವರೊಬ್ಬರೇ ಆಗಿರಲಿಲ್ಲ. ಆ ಸಲ ‘ಇತರ ಜನಾಂಗ’ ಎಂಬುದು ಅಮೆರಿಕದ ಎರಡನೆಯ ಅತಿ ದೊಡ್ಡ ಜನಾಂಗವಾಗಿ ಹೊಮ್ಮಿತು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಯಿಸಿ ಎರಡು ಪ್ರಶ್ನೆಗಳನ್ನು ಒಂದೇ ಮಾಡಲು ಸರ್ಕಾರ ತೀರ್ಮಾನಿಸಿತು.

‘ವಲಸಿಗರು’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಸಮುದಾಯದ ಮೂವರಲ್ಲಿ ಇಬ್ಬರು ಅಮೆರಿಕದಲ್ಲೇ ಹುಟ್ಟಿದವರು. 1848ರ ಗ್ವಾದಲುಪೆ ಹಿದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ, ಇಂದಿನ ಕ್ಯಾಲಿಫೋರ್ನಿಯಾ ಮತ್ತು ನ್ಯೂ ಮೆಕ್ಸಿಕೊದಲ್ಲಿದ್ದ ಕುಟುಂಬಗಳು ಇದ್ದಲ್ಲೇ ಇದ್ದವು, ಗಡಿ ಅವರನ್ನು ದಾಟಿಕೊಂಡು ಹೋಯಿತು. ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ನಾಗರಿಕರು. ನ್ಯೂಯಾರ್ಕಿಗೆ ಬರುವ ಪೋರ್ಟೊ ರಿಕೊದವರನ್ನು ವಲಸಿಗರೆನ್ನುವುದಾದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವರನ್ನೂ ಹಾಗೆಯೇ ಎನ್ನಬೇಕಾಗುತ್ತದೆ. ಕಾನೂನು ಇವರನ್ನು ಕಂಡ ಬಗೆಯೂ ವಿಚಿತ್ರ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಶಾಲೆಗೆ ಅಟ್ಟುತ್ತಿದ್ದರು; ಗೊನ್ಸಾಲೊ ಮತ್ತು ಫೆಲಿಸಿತಾಸ್ ಮೆಂದೆಸ್ ದಂಪತಿ ಬೇರೆ ಪೋಷಕರೊಡನೆ ಸೇರಿ ಕೋರ್ಟಿಗೆ ಹೋಗಿ 1946ರಲ್ಲಿ ಮೊಕದ್ದಮೆ ಗೆದ್ದರು, ಮರುವರ್ಷ ಮೇಲ್ಮನವಿಯಲ್ಲೂ ಅದು ನಿಂತಿತು. ಅದೇ ರಾಜ್ಯದಲ್ಲಿ ಆಂದ್ರೆಯಾ ಪೆರೆಸ್ ಎಂಬ ಮೆಕ್ಸಿಕನ್ ಮೂಲದ ಯುವತಿ ಕಪ್ಪು ವರ್ಣದ ಯುವಕನನ್ನು ವರಿಸಲು ಹೊರಟಾಗ, ಬಿಳಿಯರು ಕರಿಯರನ್ನು ಮದುವೆಯಾಗುವುದನ್ನು ನಿಷೇಧಿಸಿದ್ದ ಕಾನೂನಿನ ಕಣ್ಣಿಗೆ ಆಕೆ ಬಿಳಿಯಳು ಎಂಬ ಕಾರಣಕ್ಕೆ ಪರವಾನಗಿ ನಿರಾಕರಿಸಲಾಯಿತು. ರಾಜ್ಯದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿದ್ದು 1948ರಲ್ಲಿ. ಶಾಲೆಗೆ ಬಂದಾಗ ಬಿಳಿಯರಲ್ಲ, ಮದುವೆಗೆ ಬಂದಾಗ ಬಿಳಿಯರು. ತ್ರಿಶಂಕುವಿನ ಕಥೆಯನ್ನು ನೆನೆಯುವುದಾದರೆ ಇಲ್ಲಿ ನೆನೆಯಬೇಕು. ಅವನು ತಾನಾಗಿ ನಡುವೆ ನೇತಾಡಲಿಲ್ಲ. ಮೇಲಿನಿಂದ ಇಂದ್ರ ತಳ್ಳಿದ, ಕೆಳಗಿನಿಂದ ವಿಶ್ವಾಮಿತ್ರ ತಡೆದ.

ನಾನು ಹೇಳಬಯಸುವುದೂ ಅದನ್ನೇ. ಮನೆಯೊಳಗೆ ಎರಡು ಭಾಷೆ, ಎರಡು ಬಗೆಯ ಅಡುಗೆ, ಎರಡು ಕಡೆಯ ಹಬ್ಬಗಳಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಆ ಹದಿನೆಂಟು ತಿಂಗಳುಗಳಲ್ಲಿ ಕಾಣಲಿಲ್ಲ. ಹೊರಗಿನವರು ಯಾರಾದರೂ ‘ನೀನು ನಿಜವಾಗಿ ಯಾರು?’ ಎಂದು ಪುರಾವೆ ಕೇಳಿದಾಗಲೇ ತೊಂದರೆ ಶುರುವಾಗುವುದು; ಆ ಪುರಾವೆಯನ್ನು ಎರಡೂ ಕಡೆಯವರು ಕೇಳುತ್ತಾರೆ. ‘ನಿ ದೆ ಆಕಿ, ನಿ ದೆ ಆಯಾ’, ಅಂದರೆ ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ ಎಂಬ ಮಾತು ಅವರಲ್ಲೇ ಇದೆ, ನಿಜ. ಅಳಿಯಂದಿರ ಬಾಯಿಂದಲೂ ನಾನು ಅದನ್ನು ಒಮ್ಮೆ ಕೇಳಿದ್ದೇನೆ. ಅವತ್ತು ಬೆಳಿಗ್ಗೆ ಬ್ರೆಡ್ ಅಂಗಡಿಯೊಂದರಲ್ಲಿ ವಯಸ್ಸಾದ ಅಂಗಡಿಯವರು ಅವರ ಸ್ಪ್ಯಾನಿಷ್ ಕೇಳಿ ‘ಇದೆಂಥ ಮಾತಪ್ಪ, ಮನೆಯಲ್ಲಿ ಕಲಿಸಲಿಲ್ಲವೇ?’ ಎಂದು ಎಲ್ಲರೆದುರು ನಕ್ಕಿದ್ದರು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ತಾಯಿಯೊಡನೆ ಅದೇ ಮುರುಕು ಸ್ಪ್ಯಾನಿಷ್‌ನಲ್ಲಿ ಮಾತನಾಡುತ್ತಿದ್ದಾಗ ದಾರಿಹೋಕನೊಬ್ಬ ‘ಇದು ಅಮೆರಿಕ, ಇಂಗ್ಲಿಷ್ ಆಡಿ’ ಎಂದು ಗದರಿ ಹೋಗಿದ್ದ. ಎರಡಕ್ಕೂ ನಡುವೆ ಹತ್ತು ನಿಮಿಷವೂ ಇರಲಿಲ್ಲ.

ಅವರ ಸ್ಪ್ಯಾನಿಷ್ ಮುರುಕಾದದ್ದಕ್ಕೆ ಕಾರಣವಿದೆ. 1998ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಶೇ 61ರಷ್ಟು ಬಹುಮತದಿಂದ ‘ಪ್ರಸ್ತಾವ 227’ ಎಂಬ ಕಾನೂನನ್ನು ಒಪ್ಪಿ, ಸರ್ಕಾರಿ ಶಾಲೆಗಳ ಬೋಧನೆ ಬಹುಪಾಲು ಇಂಗ್ಲಿಷಿನಲ್ಲೇ ಇರಬೇಕೆಂದು ವಿಧಿಸಿದರು. ಆಗ ಅಳಿಯಂದಿರಿಗೆ ಎಂಟು ವರ್ಷ. ಅದುವರೆಗೆ ಅರ್ಧ ಪಾಠ ಮನೆಮಾತಿನಲ್ಲಿ ಕೇಳುತ್ತಿದ್ದ ಹುಡುಗನಿಗೆ ಬೇಸಿಗೆ ರಜೆ ಕಳೆದು ಬಂದಾಗ ಗೋಡೆಯ ಮೇಲಿನ ಅಕ್ಷರಪಟವೂ ಬದಲಾಗಿತ್ತಂತೆ. 2016ರ ನವೆಂಬರ್‌ನಲ್ಲಿ ಅದೇ ರಾಜ್ಯದ ಮತದಾರರು ಶೇ 73ರಷ್ಟು ಬಹುಮತದಿಂದ ಆ ಕಟ್ಟುಪಾಡನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಈಗ ನನ್ನ ಮೊಮ್ಮಗಳು ಓದುತ್ತಿರುವುದು ದಿನದ ಅರ್ಧ ಪಾಠ ಸ್ಪ್ಯಾನಿಷ್‌ನಲ್ಲೇ ನಡೆಯುವ ಶಾಲೆಯಲ್ಲಿ. ಸ್ಪ್ಯಾನಿಷ್‌ನ ಗಂಧವೇ ಇಲ್ಲದ ಮನೆಗಳವರೂ ಅಲ್ಲಿ ಸೀಟಿಗಾಗಿ ಸಾಲು ನಿಲ್ಲುತ್ತಾರೆ. ಅಪ್ಪನ ಬಾಯಿಂದ ಬಿಡಿಸಿದ ಭಾಷೆಯನ್ನು ಮಗಳಿಗೆ ಕಲಿಸಲು ಅದೇ ರಾಜ್ಯ ಮೇಷ್ಟರನ್ನು ನೇಮಿಸಿಕೊಂಡಿದೆ. ಕನ್ನಡ ಮಾಧ್ಯಮದ ಹಗ್ಗಜಗ್ಗಾಟದಲ್ಲಿ ಕೂದಲು ನರೆತ ನನ್ನಂಥವರಿಗೆ ಇದು ಹೊಸ ಕಥೆಯೇನೂ ಅಲ್ಲ, ಆದರೂ ಹೊಟ್ಟೆ ಚುರುಕ್ ಎನ್ನುತ್ತದೆ.

ಹೀಗೆ ಭಾಷೆ ಅರ್ಧಕ್ಕೆ ನಿಂತ ತಲೆಮಾರನ್ನು ಅವರಲ್ಲಿ ‘ನೊ ಸಾಬೊ’ ಮಕ್ಕಳು ಎಂದು ಗೇಲಿ ಮಾಡುತ್ತಾರೆ. ‘ನನಗೆ ಗೊತ್ತಿಲ್ಲ’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ನೊ ಸೆ’ ಎನ್ನಬೇಕು. ಕ್ರಿಯಾಪದದ ವಕ್ರರೂಪ ತಿಳಿಯದ ಮಗು ನಿಯಮದಂತೆ ‘ನೊ ಸಾಬೊ’ ಎಂದುಬಿಡುತ್ತದೆ. ನನ್ನ ಮೊಮ್ಮಗಳು ಫೋನಿನಲ್ಲಿ ‘ಅಜ್ಜಿ, ನಾನು ಅವಳಿಗೆ ಪೆನ್ಸಿಲ್ ಕೊಡಿದೆ’ ಎನ್ನುವುದೂ ಇದೇ ಲೆಕ್ಕ. ನೋಡಿದೆ, ಮಾಡಿದೆ, ಹಾಡಿದೆ ಎಂದು ಕಲಿಸಿದವರು ನಾವು. ‘ಕೊಡಿದೆ’ ಏಕಾಗದು ಎಂದು ಅವಳು ಕೇಳಿದರೆ ಮೂವತ್ತೊಂದು ವರ್ಷ ಮೇಷ್ಟರಾಗಿದ್ದವಳ ಬಳಿಯೂ ಉತ್ತರವಿಲ್ಲ. ಬೆಂಗಳೂರಿನ ಅವಳ ಸೋದರಸಂಬಂಧಿ ಮಕ್ಕಳು ಇದನ್ನು ಹಿಡಿದು ನಕ್ಕದ್ದೇ ತಡ, ಎರಡು ತಿಂಗಳು ಅವಳು ಕನ್ನಡದ ಉಸಿರೆತ್ತಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಬರದಿದ್ದರೂ ಒಬ್ಬರು ಲ್ಯಾಟಿನೊ ಆಗಿರಬಹುದು ಎಂದವರು ಶೇ 78. ಆದರೆ ಸ್ಪ್ಯಾನಿಷ್ ಸರಿಯಾಗಿ ಬಾರದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಆ ಕಾರಣಕ್ಕೆ ತಮ್ಮವರಿಂದಲೇ ಅವಮಾನದ ಮಾತು ಕೇಳಿದ್ದೇವೆ ಎಂದರು. ಒಪ್ಪುವುದು ಒಂದು, ನಗದೆ ಇರುವುದು ಇನ್ನೊಂದು. ಲ್ಯಾಟಿನೊ, ಲ್ಯಾಟಿನಾ ಎಂಬ ಗಂಡು ಹೆಣ್ಣಿನ ಭೇದ ಬೇಡವೆಂದು ಹೊಸೆದ ‘ಲ್ಯಾಟಿನೆಕ್ಸ್’ ಎಂಬ ಹೊಸ ಪದದ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ಕೇಂದ್ರದ 2024ರ ವರದಿಯ ಪ್ರಕಾರ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ 4 ಮಾತ್ರ. ನನ್ನ ಬೀಗಿತ್ತಿಗೆ ಅದನ್ನು ಹೇಳಿದಾಗ ಯಾವುದೋ ಮಾತ್ರೆಯ ಹೆಸರೆಂದುಕೊಂಡರು.

ಹೆಸರಿನ ಪಾಡು ಇನ್ನೂ ಸ್ವಾರಸ್ಯದ್ದು. ಮೆಕ್ಸಿಕೊದವರಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಎರಡು ಮನೆತನದ ಹೆಸರುಗಳಿರುತ್ತವೆ: ಮೊದಲು ತಂದೆಯದು, ಆಮೇಲೆ ತಾಯಿಯದು. ಅಮೆರಿಕದ ನಮೂನೆಗಳಲ್ಲಿ ಒಂದಕ್ಕೆ ಮಾತ್ರ ಜಾಗವಿರುವುದರಿಂದ ಕೆಲವೆಡೆ ತಾಯಿಯ ಮನೆತನ ಅಳಿಸಿಹೋಗುತ್ತದೆ, ಕೆಲವೆಡೆ ತಂದೆಯದು ನಡುಹೆಸರಾಗಿ ಕುಗ್ಗುತ್ತದೆ. ಬೀಗರ ಹೆಸರು ಬ್ಯಾಂಕಿನಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು. ಇದನ್ನು ಕೇಳಿ ನಾನು ನನ್ನ ವೀಸಾ ತೋರಿಸಿದೆ. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರದ ಹಿಂದೆ ಜೀವಮಾನವೆಲ್ಲ ನೆಮ್ಮದಿಯಾಗಿದ್ದ ನನ್ನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಒಂದೇ ಖಾನೆಗೆ ತುಂಬಿದ್ದರಿಂದ, ಅಮೆರಿಕದ ವೀಸಾ ಅದನ್ನು ಮನೆತನದ ಹೆಸರನ್ನಾಗಿ ಮಾಡಿ, ನನ್ನ ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರಿಸಿದೆ. ‘ಹೆಸರು ಗೊತ್ತಿಲ್ಲ’ ಎಂಬುದು ಅದರ ಅರ್ಥ. ಬೀಗರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಆ ಮನೆಯಲ್ಲಿ ನನಗೆ ‘ಸೆನ್ಯೋರಾ ಫ್ನು’ ಎಂಬ ಹೆಸರು ಬಿದ್ದಿದೆ.

ಕೊನೆಯದಾಗಿ, ತಮ್ಮ ಲೇಖನದೊಂದಿಗೆ ಅಚ್ಚಾದ ಚಿತ್ರ. ಚೆಂಡುಹೂವು, ಮೇಣದಬತ್ತಿ, ಫೋಟೊಗಳಿದ್ದ ಆ ಮೇಜಿನ ಕೆಳಗೆ ‘ಮೆಕ್ಸಿಕನ್ನರ ದೆವ್ವಗಳ ಹಬ್ಬ’ ಎಂಬ ಅಡಿಬರಹವಿದೆ. ನವೆಂಬರ್ 1 ಮತ್ತು 2ರಂದು ನಡೆಯುವ, 2008ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದ ‘ಸತ್ತವರ ದಿನ’ ಎಂಬ ಆ ಆಚರಣೆಯಲ್ಲಿ ದೆವ್ವವೂ ಇಲ್ಲ, ಭಯವೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದೇ ಅದು. ಆ ಮೇಜಿಗೆ ಅವರು ‘ಒಫ್ರೆಂದಾ’ ಎನ್ನುತ್ತಾರೆ. ಹೋದ ವರ್ಷ ಫ್ರೆಸ್ನೊದ ಮನೆಯಲ್ಲಿ ಬೀಗಿತ್ತಿ ಅದನ್ನು ಜೋಡಿಸುವಾಗ ನಮ್ಮ ಯಜಮಾನರ ಫೋಟೊ ಬೇಕೆಂದರು. ಮೊಮ್ಮಗಳನ್ನು ನಡುವೆ ನಿಲ್ಲಿಸಿಕೊಂಡು, ಅವರಿಗೆ ತಿನ್ನಲು ಏನು ಇಷ್ಟವಿತ್ತು ಎಂದು ಕೇಳಿದರು. ಕೋಡುಬಳೆ, ಫಿಲ್ಟರ್ ಕಾಫಿ ಎಂದೆ. ‘ಎಷ್ಟು ಸಕ್ಕರೆ?’ ಎಂದು ಮರುಪ್ರಶ್ನೆ ಬಂತು. ಸತ್ತವರ ಕಾಫಿಗೆ ಸಕ್ಕರೆ ಎಷ್ಟೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಒಂದೂವರೆ ಚಮಚ ಎನ್ನುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅವರ ತಂದೆಯ ಫೋಟೊದ ಮುಂದೆ ಪುಟ್ಟ ಲೋಟದಲ್ಲಿ ತೆಕೀಲಾ, ಸಿಗರೇಟಿನ ಪೊಟ್ಟಣ ಇತ್ತು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ, ಆದರೆ ನಮ್ಮೂರ ನೆರೆಮನೆಗಳ ಎಡೆಯಲ್ಲಿ ಬೀಡಿಕಟ್ಟು, ಬ್ರಾಂಡಿ ಸೀಸೆ ಕಂಡೇ ಬೆಳೆದವಳು ನಾನು, ಹಾಗಾಗಿ ಗಾಬರಿಯಾಗಲಿಲ್ಲ.

ಅಂದು ಎಡೆಗೆ ಅವರು ಮಾಡಿದ್ದು ‘ಕೊರುಂದಾ’. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು ರುಬ್ಬಿ, ಆ ಹಿಟ್ಟನ್ನು ಜೋಳದ ಗಿಡದ ಉದ್ದನೆಯ ಹಸಿರೆಲೆಯಲ್ಲಿ ಮುಕ್ಕೋಣವಾಗಿ ಮಡಚಿ ಹಬೆಯಲ್ಲಿ ಬೇಯಿಸುವ ಮಿಚೊವಾಕಾನ್ ಕಡೆಯ ಕಡುಬು. ಸಾಮಾನ್ಯವಾಗಿ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ನನಗಾಗಿ ಬೆಣ್ಣೆ ಹಾಕಿ ಬೇರೆ ಪಾತ್ರೆಯಲ್ಲಿ ಮಾಡಿ, ಗುರುತಿಗೆ ಕೆಂಪು ದಾರ ಕಟ್ಟಿದ್ದರು. ಎಲೆ ಮಡಚುವುದು ನನಗೆ ಮೊದಲೆರಡು ಬರಲಿಲ್ಲ, ಮೂರನೆಯದು ಬಂತು. ಅರಿಶಿನದೆಲೆಯ ಕಡುಬು ಮಡಚಿದ ಬೆರಳುಗಳಿಗೆ ಅದೇನು ದೊಡ್ಡದಲ್ಲ. ಚೆಂಡುಹೂವನ್ನು ಅವರು ‘ಸೆಂಪಾಸೂಚಿಲ್’ ಎನ್ನುತ್ತಾರೆ. ಆಯುಧಪೂಜೆಗೆ, ದೀಪಾವಳಿಗೆ ನಾವು ಬಾಗಿಲಿಗೆ ಕಟ್ಟುವ ಈ ಹೂವಿನ ತವರು ಮೆಕ್ಸಿಕೊ ಎಂದು ತಿಳಿದು ನನಗೆ ಆಶ್ಚರ್ಯವಾಯಿತು, ಗುಂಡ್ಲುಪೇಟೆಯ ಕಡೆ ಅದನ್ನು ಹೊಲಗಟ್ಟಲೆ ಬೆಳೆಯುತ್ತಾರೆ ಎಂದು ಕೇಳಿ ಅವರಿಗೆ. ಮೆಣಸಿನಕಾಯಿ, ಮೆಕ್ಕೆಜೋಳ, ಸೀಬೆ, ಪರಂಗಿ ಎಲ್ಲವೂ ಯುರೋಪಿನವರ ಹಡಗುಗಳಲ್ಲಿ ಆ ಖಂಡದಿಂದ ನಮ್ಮಲ್ಲಿಗೆ ಬಂದವು. ಪರಂಗಿಯಂತೂ ಪರದೇಶದ್ದೆಂದು ತನ್ನ ಹೆಸರಿನಲ್ಲೇ ಸಾರುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಯಾರೂ ತ್ರಿಶಂಕು ಎಂದದ್ದು ಕೇಳಿಲ್ಲ.

ಇಷ್ಟೆಲ್ಲ ಇದ್ದರೂ ಈಚೆಗೆ ಆ ಮನೆಯ ದನಿ ತಗ್ಗಿದೆ ಎಂಬುದನ್ನು ಮರೆಮಾಚಲಾರೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆಯೆಂದು ಸಾರಿತು. ಅದೇ ವರ್ಷ ಸೆಪ್ಟೆಂಬರ್ 8ರಂದು ಆ ದೇಶದ ಸುಪ್ರೀಂ ಕೋರ್ಟ್, ಚಹರೆ, ಸ್ಪ್ಯಾನಿಷ್ ಮಾತು, ನಿಂತ ಜಾಗ, ಮಾಡುವ ಕೆಲಸ ಇಷ್ಟನ್ನೇ ಆಧರಿಸಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಜನರನ್ನು ತಡೆದು ವಿಚಾರಿಸಕೂಡದೆಂದು ವಲಸೆ ಅಧಿಕಾರಿಗಳಿಗೆ ಕೆಳ ನ್ಯಾಯಾಲಯ ಹಾಕಿದ್ದ ನಿರ್ಬಂಧಕ್ಕೆ ತಡೆ ನೀಡಿತು. ಅದನ್ನು ವಿರೋಧಿಸಿ ಬರೆದವರು ಆ ಪೀಠದ ಮೊದಲ ಲ್ಯಾಟಿನಾ ನ್ಯಾಯಮೂರ್ತಿ ಸೋನಿಯಾ ಸೊತೊಮಯೋರ್. ಅಮೆರಿಕದಲ್ಲೇ ಹುಟ್ಟಿ ಬೆಳೆದ ಅಳಿಯಂದಿರು ಈಗ ಹಾಲು ತರಲು ಹೋದರೂ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಮಗಳೂ ಇಟ್ಟುಕೊಳ್ಳುತ್ತಾಳೆ, ಏಕೆಂದರೆ ಅಂಗಡಿಗಳಲ್ಲಿ ಜನ ಸ್ಪ್ಯಾನಿಷ್‌ನಲ್ಲಿ ಮಾತನಾಡಿಸುವುದು ಅವರಿಗಿಂತ ಇವಳನ್ನೇ ಹೆಚ್ಚು. ಬೀಗಿತ್ತಿ ಹೊರಗೆ ಹೋದಾಗ ನನ್ನ ಕಿವಿಯ ಬಳಿ ಬಾಗಿ ‘ಕೊನ್ಸ್ವೇಗ್ರಾ’ ಎಂದು ಪಿಸುಗುಟ್ಟುತ್ತಾರೆ, ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಗಟ್ಟಿಯಾಗಿ ಮಾತನಾಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮೆಕ್ಸಿಕೊ ಮೂಲದ ಅಮೆರಿಕನ್ನರ ಬಗ್ಗೆ ಬರೆಯುವಾಗ ಹಾಗೆಯೇ ಬರೆಯಿರಿ; ಕ್ಯೂಬಾ, ಪೋರ್ಟೊ ರಿಕೊ, ಎಲ್ ಸಾಲ್ವಡಾರ್ ಮೂಲದವರ ಬಗ್ಗೆ ಬರೆಯುವಾಗ ಆ ಹೆಸರು ಹೇಳಿ; ಎಲ್ಲರನ್ನೂ ಕುರಿತಾಗಿದ್ದರೆ ಮಾತ್ರ ಲ್ಯಾಟಿನೊ ಸಮುದಾಯ ಎನ್ನಿ, ಜನಾಂಗ ಬೇಡ. ಮತ್ತು ಆ ಚಿತ್ರದ ಅಡಿಬರಹವನ್ನು ತಿದ್ದಿ ಪ್ರಕಟಿಸಿ. ‘ಹಿರಿಯರಿಗೆ ಎಡೆ, ಮೆಕ್ಸಿಕೊ’ ಎಂದರೆ ನಮ್ಮ ಓದುಗರಿಗೆ ಸಾಕಾಗುತ್ತದೆ. ತಿದ್ದಿದ ಪುಟವನ್ನು ಮಗಳಿಗೆ ಕಳಿಸುತ್ತೇನೆ. ಬೀಗಿತ್ತಿಗೆ ಓದಿ ಹೇಳುವ ಕೆಲಸ ಮೊಮ್ಮಗಳದು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಹಾಸನ